ಗುಡ್ಡಕ್ಕೆ ಮುಖ ಮಾಡಿ ಹೇಳುವ ದಾರಿ

ಮನೆಗೆ ಯಾರಾದರೂ ಬಂದರೆ ನಾನು ಕೇಳುವ ಮೊದಲ ಮಾತು "ದಾರಿ ಹೇಗಿತ್ತು?" ಎಂಬುದು. ಬಂದವರು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಮೈಮುರಿದುಕೊಂಡು ಬಂದಿರಲಿ, ಶಿರಸಿ ಪೇಟೆಯ ಆ ಬೀದಿಯಿಂದ ಈ ಬೀದಿಗೆ ಚಪ್ಪಲಿ ಎಳೆಯುತ್ತ ಬಂದಿರಲಿ, ನನಗೆ ಮೊದಲು ದಾರಿಯ ಸಮಾಚಾರ ಬೇಕು. ಮೊನ್ನೆ ಪಕ್ಕದ ಮನೆಯಾಕೆ ಹೆಪ್ಪಿಗೆಂದು ಮಜ್ಜಿಗೆ ಕೇಳಲು ಬಂದಾಗಲೂ ಕೇಳಿದೆನಂತೆ. ಆಕೆ ಗಾಬರಿಯಾಗಿ ತಮ್ಮ ಮನೆಯ ಬಾಗಿಲ ಕಡೆಗೊಮ್ಮೆ ತಿರುಗಿ ನೋಡಿದರಂತೆ. "ಅಂತೆ" ಎನ್ನುತ್ತಿರುವುದು ಯಾಕೆಂದರೆ ಇದನ್ನು ಹೇಳಿದವಳು ನನ್ನ ಹೆಂಡತಿ. ನನಗೆ ನೆನಪಿಲ್ಲ.

"ನಿಂಗ್ಳ ಅಜ್ಜನಮನೆ ರೋಗ ಇದು. ಇದ್ಕೆ ಗುಳಿಗೆ ಇಲ್ಲೆ" ಎಂದು ಅವಳು ತೀರ್ಮಾನ ಕೊಟ್ಟುಬಿಟ್ಟಿದ್ದಾಳೆ.

ರೋಗ ಹತ್ತಿದ್ದು ಅಲ್ಲಿಯೇ, ಅದರಲ್ಲಿ ಅನುಮಾನವಿಲ್ಲ. ಅನುಮಾನವಿಲ್ಲ ಎಂದು ನಾನು ಧೈರ್ಯವಾಗಿ ಬರೆಯಬಹುದಾದ ಸಂಗತಿಗಳು ಈಚೆಗೆ ಬಹಳ ಕಡಿಮೆಯಾಗಿವೆ. ಅಜ್ಜನಮನೆ ಇರುವುದು ಸಿದ್ದಾಪುರ ತಾಲೂಕಿನಲ್ಲಿ, ಘಟ್ಟ ಕೆಳಗಿಳಿಯುವ ಅಂಚಿನಲ್ಲಿ. ನಾಲ್ಕಾರು ಮನೆಗಳ ಕೇರಿ. ಅದರ ಕಡೆಯ ಮನೆ ಅಜ್ಜನದು. ಅಂಗಳದಾಚೆಯ ಬೇಲಿಯ ತಡಮೆ ದಾಟಿದರೆ ಮುಂದೆ ಮನುಷ್ಯವಾಸವಿಲ್ಲ, ಹದ್ದಿನಕೋಡು ಮಾತ್ರ. ನಮ್ಮ ಸೀಮೆಯಲ್ಲಿ ಅಷ್ಟು ಎತ್ತರದ ಗುಡ್ಡ ಬೇರೆ ಇಲ್ಲ ಎಂದು ಸೋದರಮಾವ ಹೇಳುತ್ತಿದ್ದ. ಧಾರವಾಡದಲ್ಲಿ ಓದುವಾಗ ನಾನು ದೊಡ್ಡದೊಂದು ನಕಾಶೆಯನ್ನು ಮೇಜಿನ ಮೇಲೆ ಹರಡಿ ಹುಡುಕಿದೆ. ಆ ಗುಡ್ಡಕ್ಕೆ ಅದರಲ್ಲಿ ಹೆಸರೇ ಇರಲಿಲ್ಲ. ನಕಾಶೆ ತಪ್ಪೋ ಮಾವ ತಪ್ಪೋ ಎಂದು ಯೋಚಿಸುತ್ತ ಒಂದು ಇಡೀ ಮಧ್ಯಾಹ್ನ ಕಳೆದೆ. ಆಗ ನನಗೆ ಅಂಥ ಮಧ್ಯಾಹ್ನಗಳು ಸಿಗುತ್ತಿದ್ದವು.

ನೋಟ ನೋಡಲಿಕ್ಕೆಂದು ಗುಡ್ಡ ಹತ್ತುವವರು ನಮ್ಮ ಕಡೆ ಆಗ ಇರಲಿಲ್ಲ. ಈಗಲೂ ಇದ್ದಾರೆಂದು ನಾನು ನಂಬುವುದಿಲ್ಲ. ಹದ್ದಿನಕೋಡಿನ ನೆತ್ತಿಯಲ್ಲಿ ಒಂದು ನಿಲುಗಲ್ಲಿದೆ. ಮೇಯಲು ಬಿಟ್ಟ ದನ ತಪ್ಪಿಸಿಕೊಂಡರೆ ಆ ಕಲ್ಲಿಗೆ ಕಾಯಿ ಹೇಳಿಕೊಳ್ಳುವುದು, ದನ ಸಿಕ್ಕರೆ ಹತ್ತಿ ಹೋಗಿ ಒಡೆದು ಬರುವುದು, ಇಷ್ಟೇ ಆ ಗುಡ್ಡಕ್ಕೂ ಮನುಷ್ಯರಿಗೂ ಇದ್ದ ವ್ಯವಹಾರ. ಬೆಳಗಿನ ತಿಂಡಿ ಮುಗಿಸಿ ಹೊರಟವನು ಇಳಿದು ಬರುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸದ್ದು ಕೇಳುತ್ತಿರುತ್ತದೆ. ಅಷ್ಟು ದೂರ. ದಾರಿಯೆಂದರೂ ಅದು ಖಾಯಂ ಇರುವ ದಾರಿಯಲ್ಲ. ಒಂದು ಮಳೆಗಾಲ ಕಳೆದರೆ ಹೊಳೆ ದಾಟುವ ಮರದ ಸಂಕ ಕೊಚ್ಚಿಹೋಗಿರುತ್ತದೆ, ಇನ್ನೊಂದು ಕಳೆದರೆ ಮರ ಅಡ್ಡಬಿದ್ದಿರುತ್ತದೆ. ಆದ್ದರಿಂದ ಇಳಿದು ಬಂದವನು ದಾರಿ ಹೇಳಿ ಹೋಗಬೇಕು. ಅದು ಅಜ್ಜನಮನೆಯ ಅಂಗಳದ ಕಟ್ಟಳೆ.

ಹೇಳುವುದಕ್ಕೂ ಒಂದು ಕ್ರಮವಿತ್ತು. ಬಂದವನಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬಾಯಿಗೊಂದು ಬೆಲ್ಲದ ಚೂರು, ಕುಡಿಯಲು ತಂಬಿಗೆ ನೀರು. ಇದಕ್ಕೆ ಆಸರಿ ಎನ್ನುತ್ತಾರೆ. ಆಸರಿ ಮುಗಿದ ಕೂಡಲೆ ಮಾವ ಜಗಲಿಯಿಂದ "ದಾರಿ ಹೇಂಗಿದ್ದು?" ಎಂದು ಕೇಳುತ್ತಿದ್ದ. ಆಗ ಅವನು ಮನೆಗೆ ಬೆನ್ನು ಹಾಕಿ, ಗುಡ್ಡಕ್ಕೆ ಮುಖ ಮಾಡಿ ನಿಂತು, ತಡಮೆಯಿಂದ ಆರಂಭಿಸಿ ಕಲ್ಲಿನವರೆಗೆ ಹೇಳಬೇಕು. ಈಗ ತಾನೆ ಇಳಿದುಬಂದ ದಾರಿಯನ್ನು ಮನಸ್ಸಿನಲ್ಲಿ ಮತ್ತೆ ಹತ್ತಬೇಕು. ಕೇಳಿಸಿಕೊಳ್ಳುವವನು ಹತ್ತಿ ಹೋಗುವವನಾದ್ದರಿಂದ ಇಳಿಯುವಾಗ ಎಡಕ್ಕೆ ಕಂಡದ್ದನ್ನು ಬಲಕ್ಕೆ ಮಾಡಿ, ಬಲಕ್ಕಿದ್ದುದನ್ನು ಎಡಕ್ಕೆ ಮಾಡಿ ಹೇಳಬೇಕು. ಕಾಲು ಸೋತ ಮನುಷ್ಯನಿಗೆ ಇದು ಸುಲಭದ ಕೆಲಸವಲ್ಲ. ಇನ್ನೊಂದು ನಿಯಮವೆಂದರೆ ಕಲ್ಲು ಬಂದಲ್ಲಿಗೆ ಮಾತು ಮುಗಿಯಬೇಕು. ಮೇಲೆ ನಿಂತು ಏನು ಕಂಡೆ ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಅದು ದಾರಿಯಲ್ಲ.

ಒಮ್ಮೆ ಬನವಾಸಿ ಕಡೆಯ ಗೌಡರೊಬ್ಬರು, ತಪ್ಪಿಸಿಕೊಂಡಿದ್ದ ಎತ್ತು ನಮ್ಮ ಕೇರಿಯಲ್ಲಿ ಸಿಕ್ಕಿತೆಂದು, ಕಾಯಿ ಒಡೆದು ಬಂದರು. ಮಾವ ಆಸರಿ ಕೊಟ್ಟು ದಾರಿ ಕೇಳಿದ.

"ಹಾದಿ ಏನ್ ಹೇಳೂದ್ರೀ ಹೆಗಡೇರ. ಹೋಗೋ ಮುಂದ ಏರಿತ್ತು, ಬರೋ ಮುಂದ ಇಳುಕಿತ್ತು."

"ಅದಲ್ಲ ಗೌಡ್ರೆ, ಎಡಕ್ಕೆ ಎಂತ ಇತ್ತು, ಬಲಕ್ಕೆ ಎಂತ ಇತ್ತು?"

"ಎಡಕ ಗುಡ್ಡ, ಬಲಕ ಗುಡ್ಡ, ನಡುವ ನಾನು. ಇನ್ನೊಂದೀಟು ಬೆಲ್ಲ ಕೊಡ್ರಿ."

ಮಾವ ಆ ಮಾತನ್ನು ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದ. ಆದರೆ ಗೌಡರ ವರದಿ ಅವನಿಗೆ ಲೆಕ್ಕಕ್ಕಿರಲಿಲ್ಲ.

ನಾನು ಮೊದಲ ಸಲ ಅರ್ಧ ಗುಡ್ಡದವರೆಗೆ ಹೋಗಿ ಬಂದಾಗ ಗುಡ್ಡಕ್ಕೆ ಮುಖ ಮಾಡಿ ನಿಂತು ಗಟ್ಟಿಯಾಗಿ ದಾರಿ ಹೇಳಿದೆ, ಆದರೆ ಎಡಬಲ ತಿರುಗಿಸುವುದನ್ನು ಮರೆತೆ. ಮರುದಿನ ನನ್ನ ಮಾತು ನಂಬಿ ಹೋದವರು ಮುಳ್ಳುಬಿದಿರಿನ ಮೆಳೆಯಲ್ಲಿ ಪಂಚೆ ಬಿಟ್ಟು ಬಂದರು. ಇದು ನನಗೆ ಬಹಳ ಚೆನ್ನಾಗಿ ನೆನಪಿದೆ. ಆದರೆ ಹೀಗೆ ಹೇಳಿದವನು ನಾನಲ್ಲ, ನನ್ನ ಅಣ್ಣ ಎಂದು ಅಮ್ಮ ಹೇಳುತ್ತಾಳೆ. ಅಣ್ಣನನ್ನು ಕೇಳಿದರೆ ತನಗೂ ನೆನಪಿದೆ, ಪಂಚೆ ಕೆಂಪಂಚಿನದು ಎನ್ನುತ್ತಾನೆ. ಇಬ್ಬರೂ ಆ ತಪ್ಪನ್ನು ಬಿಟ್ಟುಕೊಡಲು ತಯಾರಿಲ್ಲ.

ಮಾವನಿಗೆ ಚಿಕ್ಕಂದಿನಿಂದ ಉಬ್ಬಸ. ಹಟ್ಟಿಯಿಂದ ಹುಲ್ಲಿನ ಹೊರೆ ತಂದರೂ ಎದೆಯಲ್ಲಿ ಕೊಳಲು ಊದಿದಂತೆ ಸದ್ದು. ಆದ್ದರಿಂದ ದೊಡ್ಡವನಾದ ಮೇಲೆ ಅವನು ಗುಡ್ಡ ಹತ್ತಿದವನಲ್ಲ. ಹುಡುಗನಾಗಿದ್ದಾಗ ಒಮ್ಮೆ, ಕಪಿಲೆ ಎಂಬ ಹಸು ಸಿಕ್ಕಾಗ, ಅವನ ಅಪ್ಪ ಅವನನ್ನು ಕಲ್ಲಿನವರೆಗೆ ಕರೆದುಕೊಂಡು ಹೋಗಿದ್ದನಂತೆ. ಅಷ್ಟೇ. ಆದರೂ ಗುಡ್ಡಕ್ಕೆ ಹೊರಟವರೆಲ್ಲ ಅವನನ್ನು ಕೇಳಿಯೇ ಹೋಗುತ್ತಿದ್ದರು. ಬಂದವರು ಹೇಳಿದ್ದನ್ನೆಲ್ಲ ಜೋಡಿಸಿ ಇಟ್ಟುಕೊಂಡು ಅವನು ಜಗಲಿಯಲ್ಲಿ ಕೂತೇ ಹೇಳುತ್ತಿದ್ದ.

"ಸಂಕ ಗಟ್ಟಿ ಇದ್ದು. ದಾಟಿದ ಕೂಡ್ಲೆ ಎಡಕ್ಕೆ ಧೂಪದ ಮರ ಬಿದ್ದಿದ್ದು, ಬಲಕ್ಕೆ ಸುತ್ತಿ ಹೋಗವು. ಒರತೇಲಿ ನೀರಿದ್ದು, ಎಲೆ ಕೊಳೆತಿದ್ದು, ಪಂಜಿ ಹಾಕಿ ಸೋಸ್ಕ್ಯಳಿ. ನೇರಲೆ ಮರದಿಂದ ಮೇಲೆ ಬರೀ ಕರಡದ ಹುಲ್ಲು. ಒಣಗಿದ್ದು, ಜಾರ್ತು. ಅಡ್ಡಡ್ಡ ಹತ್ತವು. ಆಮೇಲೆ ಕಲ್ಲು."

ಇಲ್ಲಿಗೆ ನಿಲ್ಲಿಸಬೇಕು. ಅವನು ನಿಲ್ಲಿಸುತ್ತಿರಲಿಲ್ಲ. ಕಟ್ಟಳೆ ಕಾಯುವವನೇ ಕಟ್ಟಳೆ ಮುರಿದು ಒಂದು ಮಾತು ಸೇರಿಸುತ್ತಿದ್ದ. "ಕಲ್ಲಿನ ಹತ್ರ ನಿಂತ್ರೆ ಬಲಕ್ಕೆ ಸಮುದ್ರ ಕಾಣ್ತು."

ಹೋಗಿ ಬಂದವರು ಯಾರೂ ಇದನ್ನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಮಂಜಿತ್ತು ಅನ್ನುವರು, ಕಾಯಿ ಒಡೆದು ಬಂದೆವು, ಯಾರು ನೋಡಿದರು ಅನ್ನುವರು. ಹಿಂದಿನಿಂದ ಮಾತ್ರ "ಹೆಗಡೇರ ಸಮುದ್ರ" ಎಂದು ನಗುತ್ತಿದ್ದರು. ಯಾರಾದರೂ ಸಿಗಲಾರದ್ದಕ್ಕೆ ಆಸೆಪಟ್ಟರೆ ಕೇರಿಯಲ್ಲಿ ಅದು ಹೆಗಡೇರ ಸಮುದ್ರ. ಮಾವನಿಗೆ ಇದು ಗೊತ್ತಿತ್ತು.

ರಾಜ್ಯಗಳು ಒಂದಾಗಿ, ಮುಂಬಯಿಯವರಾಗಿದ್ದ ನಾವು ಮೈಸೂರಿನವರಾದ ಮರುವರ್ಷ ನಾನು ತರ್ಕಶಾಸ್ತ್ರದಲ್ಲಿ ಪದವಿ ಪಡೆದು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಅಜ್ಜನಮನೆಗೆ ಹೋದೆ. ಆ ವಯಸ್ಸಿನಲ್ಲಿ ತಲೆಯಲ್ಲಿ ಹೊಸ ವಿದ್ಯೆ ಇದ್ದರೆ ಹಲ್ಲುನೋವಿನಂತೆ, ಸುಮ್ಮನೆ ಕೂರಲು ಬಿಡುವುದಿಲ್ಲ. ಮಾವ ಯಾರಿಗೋ ದಾರಿ ಹೇಳಿ ಕೊನೆಗೆ ಸಮುದ್ರ ಎಂದ. ನಾನು ಎದ್ದು ನಿಂತು ವಿವರಿಸಿದೆ. ದಾರಿ ಹತ್ತುವುದು ಬಡಗಣಕ್ಕೆ. ಹತ್ತುವವನ ಎಡಗೈಗೆ ಪಡುವಣ, ಅಲ್ಲಿ ಸಮುದ್ರ. ಬಲಗೈಗೆ ಮೂಡಣ, ಅಲ್ಲಿ ಬಯಲುಸೀಮೆ, ಕೆರೆಗಳು. ಮಾವ ಬಲಕ್ಕೆ ಕಂಡಿದ್ದರೆ ಅದು ಬನವಾಸಿ ಕಡೆಯ ಯಾವುದೋ ಕೆರೆ. ಅಥವಾ ಅವನು ಕಲ್ಲಿಗೆ ಬೆನ್ನು ಹಾಕಿ ಇಳಿಯುವ ಮುಖವಾಗಿ ನಿಂತಿದ್ದರೆ ಬಲಕ್ಕೆ ಪಡುವಣ, ಆಗ ಸಮುದ್ರವಿರಬಹುದು. ಯಾವ ಕಡೆಗೆ ಮುಖ ಮಾಡಿ ನಿಂತಿದ್ದೆ ಎಂಬುದು ನೆನಪಿಲ್ಲದ ಮೇಲೆ ಏನು ಕಂಡೆ ಎಂಬ ನೆನಪಿಗೆ ಬೆಲೆಯಿಲ್ಲ.

ಮಾವನ ಮಗಳು ಸಾವಿತ್ರಿ ಅಲ್ಲಿಯೇ ಇದ್ದಳು. ಮದುವೆಯಾಗಿ ಅದೇ ಕೇರಿಯ ಕೆಳಗಿನ ಮನೆಗೆ ಹೋದವಳು, ದಿನಕ್ಕೆರಡು ಸಲ ತವರಿಗೆ ಬರುತ್ತಿದ್ದಳು.

"ಭಾವ ಬೂಟು ಹಾಕ್ಯಂಡು ಜಗಲೀಲೇ ಗುಡ್ಡ ಹತ್ತಿ ಇಳ್ದ" ಎಂದಳು. "ಅಪ್ಪಯ್ಯ, ಭಾವಂಗೆ ಆಸರಿ ಕೊಡಕ್ಕಾ?"

ಮಾವ ನಗಲಿಲ್ಲ. ಸ್ವಲ್ಪ ಹೊತ್ತು ಎಲೆಯಡಿಕೆಯ ಕವಳದ ತಟ್ಟೆಯಲ್ಲಿ ಏನನ್ನೋ ಹುಡುಕಿದ.

"ತಮಾ, ಆನು ಇಷ್ಟು ಜನಕ್ಕೆ ದಾರಿ ಹೇಳಿದ್ದು. ಆ ಒಂದು ಮಾತು ಸುಳ್ಳಾದ್ರೆ ಉಳಿದಿದ್ದೂ ಸುಳ್ಳಾಗ್ತಲ" ಎಂದ. ಆಮೇಲೆ, "ಈಗ ಚಳಿ ಕಮ್ಮಿ ಆಯ್ದು, ಉಸಿರು ಸುಮಾರಿದ್ದು. ನೋಡ್ಕ್ಯಂಡೇ ಬಪ್ಪನ."

ಹೋದೆವು. ಅವನು ಬರಿಗಾಲು, ನಾನು ಬೂಟು. ಹತ್ತು ಹೆಜ್ಜೆಗೊಮ್ಮೆ ಅವನು ನಿಲ್ಲುತ್ತಿದ್ದ, ಅವನಿಗಾಗಿ ನಿಂತಂತೆ ನಟಿಸುತ್ತ ನಾನೂ ಉಸಿರು ತೆಗೆದುಕೊಳ್ಳುತ್ತಿದ್ದೆ. ನನಗೆ ಸೋಜಿಗವೆನಿಸಿದ್ದು ಬೇರೆ. ಮಾವ ಆ ದಾರಿಯನ್ನು ಹೊಸದಾಗಿ ಭೇಟಿಯಾಗುವವನಂತೆ ಭೇಟಿಯಾಗುತ್ತಿದ್ದ. "ಇದೇ ಅಲ್ದಾ ಧೂಪದ ಮರ?" ಎಂದು ಬಿದ್ದ ಮರವನ್ನು ಮುಟ್ಟಿ ನೋಡುತ್ತಿದ್ದ. "ಒರತೆ ಇಷ್ಟೇ ಸಣ್ಣದಾ?" ಎನ್ನುತ್ತಿದ್ದ. ಹೆಸರು ಮಾತ್ರ ಕೇಳಿದ್ದ ನೆಂಟರನ್ನು ಮದುವೆಮನೆಯಲ್ಲಿ ಮೊದಲ ಸಲ ನೋಡಿದ ಹಾಗೆ. ಹುಡುಗನಾಗಿದ್ದಾಗ ನಡೆದದ್ದು ಮರೆತಿರಬೇಕು ಎಂದುಕೊಂಡೆ. ನೆನಪು ನಂಬಲರ್ಹವಲ್ಲ ಎಂಬ ನನ್ನ ಸಿದ್ಧಾಂತಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತೆಂದು ಒಳಗೊಳಗೆ ಖುಷಿಯೂ ಆಯಿತು.

ಮರಗಳು ಮುಗಿದು ಬೋಳುಗುಡ್ಡ ಆರಂಭವಾಗುವಲ್ಲಿ ಆ ನೇರಲೆ ಮರವಿದೆ. ಅಲ್ಲಿಗೆ ಬರುವಷ್ಟರಲ್ಲಿ ಮಾವನ ತುಟಿ ಕಪ್ಪಾಗಿತ್ತು. ಬುಡದಲ್ಲಿ ಕೂತ. ಬಹಳ ಹೊತ್ತಿನ ಮೇಲೆ, "ಆನು ಇಲ್ಲೇ ಕೂರ್ತೆ. ನೀ ಹೋಗ್ಬಾ" ಎಂದ.

ಒಣಗಿದ ಕರಡದ ಮೇಲೆ ರಬ್ಬರಿನ ಬೂಟು ಒಂದು ಹೆಜ್ಜೆ ಮೇಲೆ ಹೋದರೆ ಎರಡು ಹೆಜ್ಜೆ ಕೆಳಗೆ ಜಾರುತ್ತದೆ. ಕೊನೆಗೆ ಬೂಟು ಬಿಚ್ಚಿ ಕುತ್ತಿಗೆಗೆ ಕಟ್ಟಿಕೊಂಡು, ಕೈಯೂರಿ ಹತ್ತಿದೆ. ಮೇಲೆ ಗಾಳಿ. ಕಲ್ಲು ನನ್ನ ಎದೆಯೆತ್ತರ. ಜೊತೆಗೆ ತಂದಿದ್ದ ಕಾಯಿ ಒಡೆದೆ.

ಇಲ್ಲಿಂದ ಮುಂದೆ ನನ್ನ ಮಾತನ್ನು ನಂಬಬೇಡಿ. ಒಂದು ಬದಿಗೆ ಮಂಜು ಹತ್ತಿಯಂತೆ ತುಂಬಿಕೊಂಡಿತ್ತು, ಇನ್ನೊಂದು ಬದಿಗೆ, ಬಹಳ ದೂರದಲ್ಲಿ, ಕುಡುಗೋಲಿನ ಅಲಗಿನಷ್ಟು ತೆಳ್ಳಗೆ ಏನೋ ಹೊಳೆಯುತ್ತಿತ್ತು. ಯಾವುದು ಯಾವ ಬದಿ ಎಂಬುದು ಆ ಹೊತ್ತು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿತ್ತು ಎಂಬುದಷ್ಟೇ ಈಗ ಗೊತ್ತು.

ಜಾರುತ್ತ ಇಳಿದು ಬಂದೆ. ಮಾವ ಕೂತಲ್ಲಿಯೇ ಇದ್ದ, ಉಸಿರು ಸ್ವಲ್ಪ ಹಿಡಿತಕ್ಕೆ ಬಂದಿತ್ತು. ಕೇಳುತ್ತಾನೆ, ಉತ್ತರ ತಯಾರಿಟ್ಟುಕೊಳ್ಳಬೇಕು ಎಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಬಂದಿದ್ದೆ. ಅವನು ನನ್ನ ಮುಖ ನೋಡಿದ, ಕುತ್ತಿಗೆಯಲ್ಲಿ ನೇತಾಡುವ ಬೂಟು ನೋಡಿದ. ನಂತರ ಕೇಳಿದ.

"ದಾರಿ ಹೇಂಗಿದ್ದು?"

ನಾನು ಗುಡ್ಡಕ್ಕೆ ಮುಖ ಮಾಡಿ ನಿಂತೆ. ಮರದಿಂದ ಆರಂಭಿಸಿ ಹೇಳಿದೆ. ಕರಡ, ಎಡಕ್ಕೆ ಒಂದು ಬಿರಿದ ಬಂಡೆ, ಬಲಕ್ಕೆ ಮುಳ್ಳುಹಂದಿಯ ಬಿಲ. ಆಮೇಲೆ ಕಲ್ಲು. ಕಲ್ಲು ಎಂದ ಮೇಲೆ ನಿಲ್ಲಿಸಿದೆ. ಅವನು ಕೇಳಲಿ ಎಂದು ನಾನು ಕಾದೆ. ನಾನೇ ಹೇಳಲಿ ಎಂದು ಅವನು ಕಾದನೋ ಏನೋ. ಕೊನೆಗೆ ಅವನು "ತಂಬಿಗೇಲಿ ನೀರಿದ್ದಾ?" ಎಂದು ಕೇಳಿ ಕುಡಿದು ಎದ್ದ.

ಮನೆಯಲ್ಲಿ ಸಾವಿತ್ರಿ ಕಾಲಿಗೆ ನೀರು ಕೊಡುವ ಮೊದಲೇ, "ಸಮುದ್ರ ಕಂಡ್ಚಾ ಭಾವ?" ಎಂದಳು.

"ದಾರಿ ಹೇಳಿ ಆಯ್ದು" ಎಂದು ಮಾವ ಮಾತು ತುಂಡು ಮಾಡಿದ. "ಅಂವಂಗೆ ಆಸರಿ ಕೊಡು."

ಆಮೇಲೆ ಮಾವ ದಾರಿ ಹೇಳುವಾಗ ಕಲ್ಲಿನ ಹತ್ತಿರವೇ ನಿಲ್ಲಿಸುತ್ತಿದ್ದನಂತೆ. ಸಮುದ್ರದ ಮಾತು ಬಿಟ್ಟುಹೋಯಿತಂತೆ. ಸಾವಿತ್ರಿ ಇದನ್ನು ಹೇಳಿದಾಗ ನನಗೆ ಯಾಕೋ ಗೆದ್ದಂತೆನಿಸಲಿಲ್ಲ.

ನನಗೆ ಒಂದು ಊರಲ್ಲಿ ಕಾಲು ನಿಲ್ಲುವುದಿಲ್ಲ. ಯಲ್ಲಾಪುರದಲ್ಲಿ ಮಾಸ್ತರಿಕೆ ಮಾಡಿದೆ, ಬಿಟ್ಟೆ. ಸಿದ್ದಾಪುರದಲ್ಲಿ ಮಾಡಿದೆ, ಬಿಟ್ಟೆ. ಈಗ ಶಿರಸಿ. ಪ್ರತಿ ಊರಲ್ಲೂ ಹದ್ದಿನಕೋಡಿನ ಕತೆ ಹೇಳಿದ್ದೇನೆ. ಯಲ್ಲಾಪುರದಲ್ಲಿ ಸಮುದ್ರ ಕಂಡಿತು ಎಂದೆನಂತೆ. ಅಲ್ಲಿಯ ಗೆಳೆಯರೊಬ್ಬರು ಮೊನ್ನೆ ಸಿಕ್ಕಾಗ, ಹಡಗಿನ ಹಾಯಿ ಕಂಡದ್ದನ್ನೂ ಹೇಳಿದ್ದಿರಿ ಎಂದರು. ಸಿದ್ದಾಪುರದಲ್ಲಿ ಕೆರೆ ಎಂದಿದ್ದೆ, ಅದು ನನಗೇ ನೆನಪಿದೆ. ಹೆಂಡತಿಯನ್ನು ಕೇಳಿದರೆ, "ಎರಡೂ ಬದಿಗೂ ಮಂಜಿತ್ತು ಹೇಳಿ ನಿಂಗನೇ ಹೇಳಿದ್ದಿ" ಎನ್ನುತ್ತಾಳೆ. ನೆನಪು ನಂಬಲರ್ಹವಲ್ಲ ಎಂದು ಮಾವನಿಗೆ ಕಲಿಸಲು ಹೋದ ಪಾಠ ಹೀಗೆ ವರ್ಷಗಳ ಮೇಲೆ ನನಗೇ ಒಪ್ಪುತ್ತಿದೆ. ಹಗಲೆಲ್ಲ ಪಾಠ ಹೇಳಿ ಬಂದು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಹೊಳೆಯುವ ಆ ಗೆರೆ ಕಾಣುತ್ತದೆ. ಕೈ ತಾನಾಗಿ ಬಲಕ್ಕೆ ಏಳುತ್ತದೆ, ಆಮೇಲೆ ಎಡಕ್ಕೆ. ಅನುಮಾನಪಡುವುದಕ್ಕೂ ಮೈಯಲ್ಲಿ ಕಸುವು ಬೇಕು. ಅದೂ ಈಗೀಗ ಕಡಿಮೆ.

ಹೋದ ತಿಂಗಳು ಸಾವಿತ್ರಿಯ ಗಂಡ ಪೇಟೆಗೆ ಬಂದವನು ಮನೆಗೆ ಬಂದ. "ಮಾವಂಗೆ ಉಬ್ಬಸ ಜೋರಿದ್ದು. ನಿನ್ನ ನೋಡವು ಹೇಳ್ತಾ ಇದ್ದ" ಎಂದ. ಮರುದಿನವೇ ಹೋದೆ.

ಮಾವ ಜಗಲಿಯ ಮಂಚದ ಮೇಲೆ, ಬೆನ್ನಿಗೆ ಹಾಸಿಗೆ ಸುತ್ತಿ ಇಟ್ಟುಕೊಂಡು ಕೂತಿದ್ದ. ಮಲಗಿದರೆ ಉಸಿರಿಲ್ಲ. ಮಾತು ತುಂಡುತುಂಡು.

"ತಮಾ, ಈಗೀಗ ಯಾರೂ ಗುಡ್ಡಕ್ಕೆ ಹೋಗ್ತ್ವಿಲ್ಲೆ. ರಸ್ತೆ ಬದಿ ಕಲ್ಲಿಗೇ ಕಾಯಿ ಒಡೀತ. ದಾರಿ ಕೇಳದ್ದೆ ಸುಮಾರು ದಿನ ಆತು." ಉಸಿರೆಳೆದುಕೊಂಡ. "ಒಂದ್ಸಲ ಹೋಗ್ಬಂದು ಹೇಳ್ತ್ಯಾ?"

ಇಂಥ ಮನುಷ್ಯನಿಗೆ ಇಲ್ಲವೆನ್ನುವುದು ಹೇಗೆ. ಸಾವಿತ್ರಿ ಕತ್ತಿ ಹಿಡಿದು ಜೊತೆಗೆ ಹೊರಟಳು, ಸೆರಗಿನಲ್ಲಿ ಒಂದು ಕಾಯಿ. ಮೇಲೆ ಹೋಗಿ ನನ್ನ ಅನುಮಾನವನ್ನು ಒಮ್ಮೆಗೇ ಪರಿಹರಿಸಿಕೊಂಡು ಬರುತ್ತೇನೆಂದು ನಾನು ನಿಶ್ಚಯಿಸಿದ್ದೆ. ಸಂಕವಿರಲಿಲ್ಲ, ಹೊಳೆಗಿಳಿದು ದಾಟಿದೆವು. ಧೂಪದ ಮರ ಕೊಳೆತು ಮಣ್ಣಾಗಿತ್ತು. ಅವಳು ಗಿಡಗಂಟಿ ಸವರುತ್ತ ಮುಂದೆ, ನಾನು ಏದುತ್ತ ಹಿಂದೆ.

"ಭಾವ, ಮೊದ್ಲು ಮಾತಾಡ್ತಾ ಹತ್ತಿದ್ಯಡ. ಈಗೆಂತ ಮೌನವ್ರತವಾ?"

ನೇರಲೆ ಮರ ಬಂದಾಗ ನನ್ನ ಮಂಡಿ ನನ್ನ ಅಪ್ಪಣೆ ಕೇಳದೆ ಮಡಿಚಿಕೊಂಡಿತು. ಕೂತೆ. ಮೇಲೆ ಬೋಳುಗುಡ್ಡ, ಬಿಸಿಲಿಗೆ ಬೆಳ್ಳಗೆ. ನಾಲ್ಕು ಹೆಜ್ಜೆ ಪ್ರಯತ್ನ ಮಾಡಿ ಮತ್ತೆ ಬಂದು ಕೂತೆ.

"ಕೂತ್ಕ. ಅಪ್ಪಯ್ಯನೂ ಇಲ್ಲೇ ಕೂತಿದ್ನಡ" ಎಂದು ಹೇಳಿ ಅವಳು ಹತ್ತಿ ಹೋದಳು.

ಅವಳು ಇಳಿದು ಬಂದಾಗ ಸೆರಗಿನಲ್ಲಿ ಕಾಯಿಯ ಒಂದು ಹೋಳಿತ್ತು. ಬಾಯಿಗೆ ಬಂದ ಪ್ರಶ್ನೆಯನ್ನು ಕೇಳಬೇಕೆಂದಿದ್ದೆ. "ದಾರಿ ಹೇಂಗಿದ್ದು?" ಎಂದುಬಿಟ್ಟೆ.

"ಮನೇಲಿ ಹೇಳ್ತೆ. ಎರಡೆರಡು ಸಲ ಹೇಳಲೆ ಯಂಗೆ ತ್ರಾಣ ಇಲ್ಲೆ" ಎಂದಳು.

ಮಾವ ಕಾಯುತ್ತ ಕೂತಿದ್ದ. ಅತ್ತೆ ಕಾಲಿಗೆ ನೀರು ಕೊಟ್ಟಳು. ನಾನು ಆಸರಿಗೆ ಕಾಯದೆ ಗುಡ್ಡಕ್ಕೆ ಮುಖ ಮಾಡಿ ನಿಂತು, ತಡಮೆಯಿಂದ ನೇರಲೆ ಮರದವರೆಗೆ ಹೇಳಿದೆ. ಈ ಸಲ ಎಡಬಲ ತಪ್ಪಲಿಲ್ಲ. ಅಲ್ಲಿಂದ ಮುಂದೆ ಸಾವಿತ್ರಿ ಹೇಳಿದಳು. ಬಂಡೆ ಉರುಳಿದೆ, ಬಿಲ ಮುಚ್ಚಿದೆ, ಕರಡ ಅವಳ ಸೊಂಟದವರೆಗೆ. ಆಮೇಲೆ ಕಲ್ಲು. ನಿಲ್ಲಿಸಿದಳು.

ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದವನು ಕಣ್ಣು ತೆರೆದ.

"ಬಲಕ್ಕೆ?" ಎಂದ.

ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದ ಮಾತು. ಸಾವಿತ್ರಿ ನನ್ನ ಕಡೆಗೊಮ್ಮೆ ನೋಡಿ, ಮಂಚದ ಹತ್ತಿರ ಹೋಗಿ ಕೂತಳು.

"ಯಾವ ಬದಿಗೆ ಮುಖ ಮಾಡಿ ನಿಂತಿದ್ದೆ ಅಪ್ಪಯ್ಯ, ನೀ ನೋಡಕರೆ?"

"ಆನು ನಿಂತಿರ್ಲಿಲ್ಲೆ" ಎಂದ ಮಾವ. ಉಸಿರಿಗಾಗಿ ಕಾದು ಮತ್ತೆ ಹೇಳಿದ. "ಅಪ್ಪಯ್ಯನ ಹೆಗಲ ಮೇಲೆ ಇದ್ದೆ.  ಕೆಳಗಿಂದ ಮೇಲಿನವರೆಗೂ ಹೆಗಲ ಮೇಲೇ. ಉಬ್ಬಸದ ಮಾಣಿ ಹೇಳಿ ಅಂವ ನೆಲಕ್ಕೇ ಇಳಿಸಿದ್ನಿಲ್ಲೆ. ಅಂವ ಎತ್ಲಾಗೆ ತಿರುಗಿದ್ನೋ ಯಂಗೆಂತ ಗೊತ್ತು. ಬೀಳ್ತ್ನೇನ ಹೇಳಿ ಅವನ ಬಲಗಿವಿ ಗಟ್ಟಿ ಹಿಡ್ಕ್ಯಂಡಿದ್ದೆ. ಹೊಳೆದಿದ್ದು ಆ ಕಿವಿ ಆಚಿಗೆ."

ಹೇಳುವಾಗ ಅವನ ಬಲಗೈ ಹೊದಿಕೆಯ ಮೇಲೆ ಮುಷ್ಟಿ ಕಟ್ಟಿತ್ತು.

"ಹಂಗಾರೆ ಸರಿ ಇದ್ದು ಅಪ್ಪಯ್ಯ" ಎಂದಳು ಸಾವಿತ್ರಿ. "ಹೊಳೀತಾ ಇತ್ತು."

ಮಾವ ತಲೆಯಾಡಿಸಿದ. ಅವಳು ಎದ್ದು ಒಳಗೆ ಹೋಗಿ ಬೆಲ್ಲ, ತಂಬಿಗೆ ತಂದು ನನ್ನ ಮುಂದಿಟ್ಟಳು. ಯಾವ ಬದಿಗೆ ಹೊಳೆಯುತ್ತಿತ್ತು ಎಂದು ಅವಳನ್ನು ಕೇಳಬೇಕೆಂದು ಬಾಯಿ ತೆರೆದೆ. ಬಾಯಲ್ಲಿ ಆಗಲೇ ಬೆಲ್ಲವಿತ್ತು.